ಆಕ್ಸಲರೇಟರ್ ಕ್ಯಾವಿಟಿ ಒಳಗೆ ಬೀಮ್ ಎಲ್ಲಿದೆ ಅಂತ ಅಳೆಯೋದು ಹೇಗೆ? ಪ್ರಾಜೆಕ್ಟ್‌ಗೆ ಸಹಾಯ ಬೇಕು

ಹುಳಿಕೆರೆ_ಸುರಂಗ (ಮಂಡ್ಯ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಇಸಿ ಎಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇನೆ. ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಕಬ್ಬಿನ ಗದ್ದೆಗೆ ತೇವಾಂಶದ ಸೆನ್ಸರ್, ಉಳಿದರ್ಧ ಮೊಬೈಲಿನಿಂದ ಪಂಪ್‌ಸೆಟ್ ಆನ್ ಮಾಡೋದು ಅಂತ ಹೊರಟಿದ್ದಾರೆ. ನನಗೆ ಮೈಕ್ರೋವೇವ್ ವಿಷಯ ಇಷ್ಟ, ಅದಕ್ಕೇ ಪಾರ್ಟಿಕಲ್ ಆಕ್ಸಲರೇಟರ್‌ನಲ್ಲಿ ಬೀಮ್, ಅಂದ್ರೆ ಕಣಗಳ ಧಾರೆ, ಎಲ್ಲಿ ಹೋಗ್ತಾ ಇದೆ ಅಂತ ಅಳೆಯುವ ವಿಷಯ ತಗೊಂಡೆ. ಗೈಡ್ "ಸುಮ್ನೆ ಒಂದು ಸಿಮ್ಯುಲೇಷನ್ ತೋರಿಸಿ ಮುಗಿಸಪ್ಪ" ಅಂತಾರೆ. ನನಗೆ ಕೈಯಲ್ಲಿ ಏನಾದರೂ ಮಾಡಿ ನೋಡುವ ಆಸೆ.

ಮಾಮೂಲಿ ವಿಧಾನ ಅರ್ಥ ಆಗಿದೆ. ಪೈಪಿನ ಸುತ್ತ ನಾಲ್ಕು ಬಟನ್ ಎಲೆಕ್ಟ್ರೋಡ್ ಕೂರಿಸುತ್ತಾರೆ. ಬೀಮ್ ಯಾವ ಕಡೆ ವಾಲಿದೆಯೋ ಆ ಕಡೆಯ ಬಟನ್‌ಗೆ ಸಿಗ್ನಲ್ ಜಾಸ್ತಿ. ಬಲಗಡೆಯದರಲ್ಲಿ ಎಡಗಡೆಯದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಬೀಮ್ ಎಷ್ಟು ಸರಿದಿದೆ ಅಂತ ಸಿಗುತ್ತದೆ. ಇಷ್ಟು ಸರಿ.

ಆದರೆ ಜರ್ಮನಿಯ ಹ್ಯಾಂಬರ್ಗ್‌ನ ಡೆಸಿ ಲ್ಯಾಬ್‌ನಲ್ಲಿ ಫ್ಲ್ಯಾಶ್ ಅನ್ನೋ ಯಂತ್ರದಲ್ಲಿ ಬೀಮಿಗೆ ವೇಗ ಕೊಡುವ ಕ್ಯಾವಿಟಿಯನ್ನೇ (ಒಳಗೆ ಮೈಕ್ರೋವೇವ್ ತುಂಬುವ ಟೊಳ್ಳು ಲೋಹದ ಡಬ್ಬಿ) ಅಳತೆಗೂ ಬಳಸಿಕೊಳ್ಳುತ್ತಾರೆ ಅಂತ ಓದಿದೆ. ಅಲ್ಲೇ ತಲೆ ಕೆಟ್ಟಿದ್ದು. ಆ ಕ್ಯಾವಿಟಿ ಒಳಗೆ ಮೀಟರಿಗೆ ಎರಡು ಕೋಟಿ ವೋಲ್ಟ್ ಲೆಕ್ಕದಲ್ಲಿ ಫೀಲ್ಡ್ ಇರುತ್ತದೆ. ಅದರ ಮಧ್ಯೆ ಬೀಮಿನ ಪುಟ್ಟ ಸಿಗ್ನಲ್ ಕಾಣೋದಾದರೂ ಹೇಗೆ? ಅಷ್ಟು ಕಷ್ಟ ಯಾಕೆ, ಒಳಗೇ ನಾಲ್ಕು ಬಟನ್ ಕೂರಿಸಿದರೆ ಆಗಲ್ವಾ? ಮತ್ತೆ ಆಕ್ಸಲರೇಟರ್ ಇಲ್ಲದೆ ಇದನ್ನು ಟೇಬಲ್ ಮೇಲೆ ತೋರಿಸೋಕೆ ಏನಾದರೂ ದಾರಿ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

*

ಕುಕ್ಕರಹಳ್ಳಿ_ವಾಕರ್ (ಮೈಸೂರು):

ಒಳ್ಳೆ ವಿಷಯ ಹಿಡಿದಿದ್ದೀಯಪ್ಪ, ಬಿಡಬೇಡ. ನಾನು ರೇಡಾರ್ ರಿಸೀವರ್ ಕೆಲಸ ಮಾಡಿ ರಿಟೈರ್ ಆದವನು, ಈಗಲೂ ಈ ತರಹದ್ದು ಕಂಡರೆ ಕೂತು ಓದುತ್ತೇನೆ.

ಮೊದಲು, ಒಳಗೆ ಬಟನ್ ಯಾಕೆ ಕೂರಿಸಲ್ಲ ಅಂತ. ಫ್ಲ್ಯಾಶ್‌ನಲ್ಲಿ ಇರೋದು ನಯೋಬಿಯಂ ಲೋಹದ ಕ್ಯಾವಿಟಿ. ಒಂದಕ್ಕೊಂದು ಅಂಟಿಕೊಂಡ ಒಂಬತ್ತು ಕೋಶ, ಉದ್ದ ಸುಮಾರು ಒಂದು ಮೀಟರ್, ಓಡೋದು 1.3 ಗಿಗಾಹರ್ಟ್ಸ್‌ನಲ್ಲಿ. ದ್ರವ ಹೀಲಿಯಂನಲ್ಲಿ 2 ಕೆಲ್ವಿನ್‌ಗೆ ತಣ್ಣಗೆ ಮಾಡಿ ಸೂಪರ್‌ಕಂಡಕ್ಟರ್ ಮಾಡಿರುತ್ತಾರೆ. ಅದರ ಕ್ಯೂ (ಕ್ವಾಲಿಟಿ ಫ್ಯಾಕ್ಟರ್) ಸಾವಿರ ಕೋಟಿ ಲೆಕ್ಕದಲ್ಲಿ ಇರುತ್ತದೆ, ಅಂದ್ರೆ ಒಳಗೋಡೆಯಲ್ಲಿ ಪವರ್ ಹೆಚ್ಚುಕಮ್ಮಿ ಪೋಲೇ ಆಗಲ್ಲ. ಅಂಥ ಗೋಡೆಗೆ ತೂತು ಕೊರೆದು ಎಲೆಕ್ಟ್ರೋಡ್ ತೂರಿಸಿದರೆ ಕ್ಯೂ ಹೋಯಿತು, ಫೀಲ್ಡಿನ ಆಕಾರವೂ ಹೋಯಿತು. ಒಂದು ಧೂಳಿನ ಕಣ ಕೂತರೂ ಆ ಜಾಗದಿಂದ ಎಲೆಕ್ಟ್ರಾನ್ ಚಿಮ್ಮೋಕೆ ಶುರುವಾಗುತ್ತದೆ ಅಂತ ಕ್ಲೀನ್‌ರೂಮಿನಲ್ಲಿ ಕೂತು ಜೋಡಿಸುತ್ತಾರೆ, ಅಲ್ಲಿ ಬಟನ್ ಮಾತೇ ಇಲ್ಲ.

ಈಗ ಮುಖ್ಯ ವಿಷಯ. ಒಂದು ಕ್ಯಾವಿಟಿಗೆ ಒಂದೇ ಫ್ರೀಕ್ವೆನ್ಸಿ ಅಂತ ಏನಿಲ್ಲ, ನೂರಾರು ಮೋಡ್, ಅಂದ್ರೆ ಒಳಗಿನ ಫೀಲ್ಡ್ ಕಂಪಿಸುವ ಬೇರೆ ಬೇರೆ ರೀತಿಗಳು, ಇರುತ್ತವೆ. ಬೀಮಿಗೆ ವೇಗ ಕೊಡೋದು ಮಾನೋಪೋಲ್ ಮೋಡ್, ಅದರ ಫೀಲ್ಡ್ ಮಧ್ಯದಲ್ಲಿ ಜಾಸ್ತಿ. ಡೈಪೋಲ್ ಮೋಡ್ ಅಂತ ಇನ್ನೊಂದು ಜಾತಿ ಇದೆ. ಅದರಲ್ಲಿ ಬೀಮ್ ಹೋಗುವ ದಿಕ್ಕಿನ ಎಲೆಕ್ಟ್ರಿಕ್ ಫೀಲ್ಡ್ ನಟ್ಟ ನಡುವೆ ಸೊನ್ನೆ, ಒಂದು ಕಡೆ ಸರಿದರೆ ಪ್ಲಸ್, ಇನ್ನೊಂದು ಕಡೆ ಸರಿದರೆ ಮೈನಸ್. ಎಲೆಕ್ಟ್ರಾನ್‌ಗಳ ಬಂಚ್ ಸರಿಯಾಗಿ ನಡುವೆ ಹೋದರೆ ಈ ಮೋಡ್ ಏಳೋದೇ ಇಲ್ಲ. ಸ್ವಲ್ಪ ಸರಿದು ಹೋದರೆ, ಎಷ್ಟು ಸರಿದಿದೆಯೋ ಅದಕ್ಕೆ ತಕ್ಕ ಹಾಗೆ ಏಳುತ್ತದೆ. ಎಡಕ್ಕೆ ಸರಿದರೆ ಒಂದು ಫೇಸ್, ಬಲಕ್ಕೆ ಸರಿದರೆ ಅದಕ್ಕೆ 180 ಡಿಗ್ರಿ ತಿರುವು. ಆಂಪ್ಲಿಟ್ಯೂಡ್ ನೋಡಿದರೆ ಎಷ್ಟು ಅಂತ ಗೊತ್ತಾಯಿತು, ಫೇಸ್ ನೋಡಿದರೆ ಯಾವ ಕಡೆ ಅಂತ ಗೊತ್ತಾಯಿತು.

ದೊಡ್ಡ ಫೀಲ್ಡ್ ಮಧ್ಯೆ ಚಿಕ್ಕದು ಕಾಣೋದು ಹೇಗೆ ಅಂದೆಯಲ್ಲ, ಎರಡರ ಫ್ರೀಕ್ವೆನ್ಸಿ ಬೇರೆ ಬೇರೆ, ಅಷ್ಟೇ. ಅವರು ನೋಡುವ ಡೈಪೋಲ್ ಮೋಡ್ 1.7 ಗಿಗಾಹರ್ಟ್ಸ್ ಆಸುಪಾಸಿನಲ್ಲಿದೆ. ಇನ್ನೂ ಮಜಾ ಅಂದ್ರೆ, ಆ ಸಿಗ್ನಲ್ ಹೊರಗೆ ತರೋಕೆ ಹೊಸದಾಗಿ ಏನೂ ಕೂರಿಸಿಲ್ಲ. ಈ ಬೇಡದ ಮೋಡ್‌ಗಳು ಕ್ಯಾವಿಟಿಯಲ್ಲೇ ಉಳಿದರೆ ಹಿಂದೆ ಬರುವ ಬಂಚ್‌ಗಳನ್ನು ಪಕ್ಕಕ್ಕೆ ಒದೆಯುತ್ತವೆ. ಅದಕ್ಕೇ ಅವುಗಳ ಪವರ್ ಹೊರಗೆ ಬಸಿಯೋಕೆ ಕ್ಯಾವಿಟಿಯ ಎರಡೂ ತುದಿಯ ಪೈಪಿನಲ್ಲಿ ಒಂದೊಂದು ಕಪ್ಲರ್ ಮೊದಲೇ ಇಟ್ಟಿರುತ್ತಾರೆ. ಅದರೊಳಗೇ ಒಂದು ನಾಚ್ ಫಿಲ್ಟರ್ ಇದ್ದು 1.3 ಗಿಗಾಹರ್ಟ್ಸ್ ಹೊರಗೆ ಬರದ ಹಾಗೆ ತಡೆಯುತ್ತದೆ. ಮಾಮೂಲಿಯಾಗಿ ಈ ಬೇಡದ ಮೋಡ್‌ಗಳ ಪವರ್ ಒಂದು ಲೋಡಿಗೆ ಹೋಗಿ ಬಿಸಿಯಾಗಿ ಮುಗಿಯುತ್ತಿತ್ತು. ಫ್ಲ್ಯಾಶ್‌ನವರು ಅದಕ್ಕೆ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿ, ಮಿಕ್ಸರ್‌ನಲ್ಲಿ ಸುಮಾರು 20 ಮೆಗಾಹರ್ಟ್ಸ್‌ಗೆ ಇಳಿಸಿ, ಡಿಜಿಟೈಸ್ ಮಾಡಿ ನೋಡಿದರು. ಐದು ಮೈಕ್ರಾನ್ ಆಸುಪಾಸಿನ ರೆಸಲ್ಯೂಷನ್ ಸಿಕ್ಕಿದೆ. ಕ್ಯಾವಿಟಿಯ ಕಿಂಡಿಯೇ 70 ಮಿಲಿಮೀಟರ್ ಅಗಲ ಇದೆ ಅನ್ನೋದು ನೆನಪಿರಲಿ.

ಇದರಲ್ಲಿ ನನಗೆ ತುಂಬಾ ಹಿಡಿಸೋದು ಆ ಸೊನ್ನೆ. ಬಟನ್ ವಿಧಾನ ಹೇಗೆ ಅಂದ್ರೆ, ಕಬ್ಬಿನ ಲಾರಿಯನ್ನು ವೇಬ್ರಿಡ್ಜ್ ಮೇಲೆ ಡ್ರೈವರ್ ಸಮೇತ ಒಂದು ಸಲ, ಡ್ರೈವರ್ ಇಳಿದ ಮೇಲೆ ಒಂದು ಸಲ ತೂಗಿ, ಕಳೆದು ಡ್ರೈವರ್ ತೂಕ ಹೇಳಿದ ಹಾಗೆ. ಲೆಕ್ಕ ಹಾಕಿ ನೋಡು. ಪೈಪಿನ ತ್ರಿಜ್ಯ 20 ಮಿಲಿಮೀಟರ್ ಅಂತ ಇಟ್ಟುಕೋ. ಕಳೆದು ಭಾಗಿಸಿ ಬಂದ ಸಂಖ್ಯೆಯನ್ನು ಸುಮಾರು 10 ಮಿಲಿಮೀಟರ್‌ನಿಂದ ಗುಣಿಸಿದರೆ ಬೀಮಿನ ಜಾಗ. ಬೀಮ್ 10 ಮೈಕ್ರಾನ್ ಸರಿದರೆ ಆ ಸಂಖ್ಯೆ ಬರೀ 0.001. ಈಗ ಎರಡು ಕೇಬಲ್‌ಗಳ ನಷ್ಟದಲ್ಲಿ 0.1 ಡೆಸಿಬಲ್ ವ್ಯತ್ಯಾಸ ಇದೆ ಅನ್ನು. ಬೀಮ್ ನಡುವೆಯೇ ಇದ್ದರೂ 58 ಮೈಕ್ರಾನ್ ಪಕ್ಕಕ್ಕೆ ಇದೆ ಅಂತ ತೋರಿಸುತ್ತದೆ! ಡೈಪೋಲ್ ಮೋಡ್‌ನಲ್ಲಿ ಕೇಬಲ್ ನಷ್ಟ ಏನೇ ಇರಲಿ, ಸೊನ್ನೆ ಸೊನ್ನೆಯೇ.

*

ಬಸ್ಸಾರು_ಮುದ್ದೆ (ಮದ್ದೂರು):

ಎಲ್ಲಾ ಸರಿ ಗುರು, ಆದ್ರೆ ಮಂಡ್ಯದಲ್ಲಿ ಕೂತು ಹ್ಯಾಂಬರ್ಗ್ ಬೀಮ್ ಅಳೆದು ಏನು ಮಾಡ್ತೀಯ? ಸೆನ್ಸರ್ ಪ್ರಾಜೆಕ್ಟೇ ಮಾಡು, ಕ್ಯಾಂಪಸ್ ಇಂಟರ್‌ವ್ಯೂನಲ್ಲಾದ್ರೂ ಕೇಳ್ತಾರೆ.

*

ಗಾಮಾ_ಮೇಡಂ (ಮೈಸೂರು):

ಮದ್ದೂರಿನವರೇ, ಆಕ್ಸಲರೇಟರ್ ನೋಡೋಕೆ ಹ್ಯಾಂಬರ್ಗ್‌ಗೆ ಹೋಗಬೇಕಾಗಿಲ್ಲ. ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವ ಲೀನಾಕ್ (ನೇರ ಗೆರೆಯ ಆಕ್ಸಲರೇಟರ್) ಮೈಸೂರಿನಲ್ಲೇ ಇದೆ, ನಾನು ದಿನಾ ಅದರ ಜೊತೆಯೇ ಕೆಲಸ ಮಾಡುವ ಮೆಡಿಕಲ್ ಫಿಸಿಸಿಸ್ಟ್. ಅದರೊಳಗೂ ಇರೋದು 3 ಗಿಗಾಹರ್ಟ್ಸ್ ಆಸುಪಾಸಿನ ತಾಮ್ರದ ಕ್ಯಾವಿಟಿ ಸಾಲು. ದೇಶದ ಮಟ್ಟದಲ್ಲಿ ನೋಡಿದರೆ ಇಂದೋರ್‌ನಲ್ಲಿ ಇಂಡಸ್-2 ಅನ್ನೋ ಎಲೆಕ್ಟ್ರಾನ್ ರಿಂಗ್ ಇದೆ, 172 ಮೀಟರ್ ಸುತ್ತಳತೆ, 2.5 ಗಿಗಾ ಎಲೆಕ್ಟ್ರಾನ್‌ವೋಲ್ಟ್. ಆ ಕೇಂದ್ರಕ್ಕೆ ನಮ್ಮ ರಾಜಾ ರಾಮಣ್ಣ ಅವರ ಹೆಸರನ್ನೇ ಇಟ್ಟಿದ್ದಾರೆ. ಆರ್‌ಎಫ್ ಗೊತ್ತಿರುವ ಹುಡುಗರಿಗೆ ಕೆಲಸ ಇಲ್ಲ ಅನ್ನೋ ಮಾತು ನಾನಂತೂ ಒಪ್ಪಲ್ಲ.

ಪ್ರಶ್ನೆ ಕೇಳಿದ ತಮ್ಮನಿಗೆ ಒಂದು ವಿಷಯ. ನಮ್ಮ ಆಸ್ಪತ್ರೆ ಯಂತ್ರದಲ್ಲಿ ಬೀಮ್ ಎಲ್ಲಿದೆ ಅಂತ ಟ್ಯೂಬಿನ ಒಳಗೆ ಅಳೆಯೋದಿಲ್ಲ. ಎಲೆಕ್ಟ್ರಾನ್ ಹೋಗಿ ಟಾರ್ಗೆಟ್‌ಗೆ ಬಡಿದು ಎಕ್ಸ್-ರೇ ಆದ ಮೇಲೆ, ಅದರ ದಾರಿಯಲ್ಲಿ ಹಲವು ಭಾಗಗಳಾಗಿ ಸೀಳಿದ ಅಯಾನ್ ಛೇಂಬರ್ ಇರುತ್ತದೆ. ಎಡ ಭಾಗಕ್ಕೂ ಬಲ ಭಾಗಕ್ಕೂ ಕರೆಂಟ್ ಸಮ ಬರ್ತಿದೆಯಾ ಅಂತ ನೋಡಿ, ಇಲ್ಲದಿದ್ದರೆ ಸ್ಟೀರಿಂಗ್ ಕಾಯಿಲ್‌ಗೆ ಹೇಳಿ ಬೀಮನ್ನು ಸರಿಸುತ್ತಾರೆ. ನಮಗೆ ಬೇಕಿರೋದು ರೋಗಿ ಮೇಲೆ ಬೀಳುವ ಡೋಸ್ ಸಮ ಇರೋದು, ಒಳಗೆ ಹೇಗೆ ಬಂತು ಅನ್ನೋದಲ್ಲ. ದೊಡ್ಡ ಯಂತ್ರಗಳಲ್ಲಿ ಹಾಗಲ್ಲ, ಅಲ್ಲಿ ದಾರಿಯುದ್ದಕ್ಕೂ ನಡುವೆಯೇ ಹೋಗಬೇಕು. ರಿಪೋರ್ಟಿನ ಮೊದಲ ಅಧ್ಯಾಯದಲ್ಲಿ ಇವೆರಡನ್ನೂ ಪಕ್ಕಪಕ್ಕ ಇಟ್ಟು ಬರೆದರೆ ಎಕ್ಸಾಮಿನರ್‌ಗೂ ಯಾಕೆ ಅಂತ ಗೊತ್ತಾಗುತ್ತದೆ.

*

ಡೆಸಿಬಲ್_ದೇವ್ರು (ಶ್ರೀರಂಗಪಟ್ಟಣ):

ವಾಕರ್ ಸರ್ ಹೇಳಿದ್ದೆಲ್ಲ ಸರಿ, ಆದರೆ "ಸೊನ್ನೆ ಸೊನ್ನೆಯೇ" ಅಂತ ಅಷ್ಟು ಸಲೀಸಾಗಿ ಬಿಟ್ಟುಬಿಟ್ಟರೆ ಹುಡುಗ ವೈವಾದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ನಾನು ಈ ತರಹದ ರಿಸೀವರ್ ಬೋರ್ಡ್ ಮಾಡುವವನು, ತಲೆನೋವು ಎಲ್ಲಿದೆ ಅಂತ ಹೇಳ್ತೀನಿ.

ಸೊನ್ನೆ ಎಲ್ಲಿದೆ ಅಂದ್ರೆ, ಆ ಮೋಡ್‌ನ ನಡು ಎಲ್ಲಿದೆಯೋ ಅಲ್ಲಿ. ಅದು ಕ್ಯಾವಿಟಿಯ ಲೋಹದ ನಡು ಆಗಿರಲೇಬೇಕು ಅಂತಿಲ್ಲ. ಜೊತೆಗೆ ಡೈಪೋಲ್ ಮೋಡ್ ಒಂದಲ್ಲ, ಜೋಡಿ. ದುಂಡಗಿನ ಕ್ಯಾವಿಟಿಯಲ್ಲಿ ಎರಡರ ಫ್ರೀಕ್ವೆನ್ಸಿಯೂ ಒಂದೇ ಇರಬೇಕು, ಆದರೆ ಕಪ್ಲರ್ ಇರೋದರಿಂದ, ತಯಾರಿಯಲ್ಲಿ ಆಕಾರ ಚೂರು ಆಚೀಚೆ ಆಗೋದರಿಂದ, ಒಂಚೂರು ಬೇರೆ ಆಗುತ್ತವೆ. ಅವುಗಳ ದಿಕ್ಕು ಅಡ್ಡ, ಉದ್ದ ಅಂತ ನಮ್ಮ ಅನುಕೂಲಕ್ಕೆ ನಿಲ್ಲಲ್ಲ, ಒಂದೊಂದು ಕ್ಯಾವಿಟಿಯಲ್ಲೂ ಒಂದೊಂದು ಓರೆ. ಅಂದ್ರೆ ಸ್ಪೆಕ್ಟ್ರಮ್‌ನಲ್ಲಿ ಕಾಣುವ ಎರಡು ಪೀಕ್‌ಗಳಲ್ಲಿ ಯಾವುದು ಎಕ್ಸ್, ಯಾವುದು ವೈ ಅಂತ ಕೇಳಿದರೆ ಉತ್ತರ "ಎರಡರಲ್ಲೂ ಎರಡೂ ಸ್ವಲ್ಪ ಸ್ವಲ್ಪ".

ಅದಕ್ಕೇ ಕ್ಯಾಲಿಬ್ರೇಷನ್ ಬೇಕು. ಹಿಂದೆ ಇರುವ ಸ್ಟೀರಿಂಗ್ ಮ್ಯಾಗ್ನೆಟ್‌ನಿಂದ ಬೀಮನ್ನು ಬೇಕಂತಲೇ ಅತ್ತಿತ್ತ ಅಲ್ಲಾಡಿಸುತ್ತಾರೆ. ಕ್ಯಾವಿಟಿಯ ಮುಂದೊಂದು ಹಿಂದೊಂದು ಮಾಮೂಲಿ ಮಾನಿಟರ್ ಇರುತ್ತದೆ, ಅವೆರಡರ ಮಧ್ಯೆ ಗೆರೆ ಎಳೆದರೆ ಕ್ಯಾವಿಟಿ ಇರುವ ಜಾಗದಲ್ಲಿ ಬೀಮ್ ಎಲ್ಲಿತ್ತು ಅಂತ ಗೊತ್ತಾಗುತ್ತದೆ. ಹಾಗೆ ಕೂಡಿಸಿಟ್ಟ ಸಿಗ್ನಲ್‌ಗಳನ್ನೆಲ್ಲ ಒಂದು ಮ್ಯಾಟ್ರಿಕ್ಸ್‌ಗೆ ಹಾಕಿ, ಸಿಂಗ್ಯುಲರ್ ವ್ಯಾಲ್ಯೂ ಡಿಕಾಂಪೊಸಿಷನ್ ಮಾಡಿ, ಯಾವ ಅಂಶ ಬೀಮಿನ ಜಾಗದ ಜೊತೆ ಹೊಂದುತ್ತದೆ ಅಂತ ಹುಡುಕುತ್ತಾರೆ. ಬಂಚ್‌ನ ಚಾರ್ಜ್ ಜಾಸ್ತಿ ಆದರೂ ಸಿಗ್ನಲ್ ಜಾಸ್ತಿ ಆಗುತ್ತದೆ, ಹಾಗಾಗಿ ಚಾರ್ಜ್ ಬೇರೆ ಅಳೆದು ಭಾಗಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ರಿಸೀವರ್‌ನ ಮಿಕ್ಸರ್‌ಗೆ ಹೋಲಿಕೆಯ ಸಿಗ್ನಲ್ ಕೊಡುವ ಲೋಕಲ್ ಆಸಿಲೇಟರ್‌ನ ಫೇಸ್ ಅಲ್ಲಾಡಿದರೆ ಹಳೇ ಕ್ಯಾಲಿಬ್ರೇಷನ್ ಕೆಲಸಕ್ಕೆ ಬರಲ್ಲ.

ಇನ್ನೊಂದು ವಿಷಯ ಯಾರೂ ಹೇಳಿಲ್ಲ. ಬೀಮ್ ನಟ್ಟ ನಡುವೆಯೇ ಹೋದರೂ ಓರೆಯಾಗಿ ಹೋದರೆ ಸಿಗ್ನಲ್ ಬರುತ್ತದೆ. ಒಂದು ಮೀಟರ್ ಉದ್ದದ ಕ್ಯಾವಿಟಿ ಅಲ್ವಾ, ಮೊದಲರ್ಧದಲ್ಲಿ ಎಡಕ್ಕೆ, ಎರಡನೇ ಅರ್ಧದಲ್ಲಿ ಬಲಕ್ಕೆ ಇರುತ್ತದೆ. ಪುಣ್ಯಕ್ಕೆ ಓರೆಯಿಂದ ಬರುವ ಸಿಗ್ನಲ್ ಜಾಗದ ಸಿಗ್ನಲ್‌ಗೆ 90 ಡಿಗ್ರಿ ಫೇಸ್‌ನಲ್ಲಿ ಇರುತ್ತದೆ, ಹಾಗಾಗಿ ಬಿಡಿಸಬಹುದು. ಫೇಸ್ ಸರಿಯಾಗಿ ಅಳೆಯದವನಿಗೆ ಎರಡೂ ಕಲಸಿಹೋಗುತ್ತದೆ.

ಮತ್ತೆ ರಿಂಗಿಂಗ್. ಡೈಪೋಲ್ ಮೋಡ್‌ನ ಕ್ಯೂ ಹತ್ತು ಸಾವಿರ ಅಂತ ಇಟ್ಟುಕೊಂಡರೆ 1.7 ಗಿಗಾಹರ್ಟ್ಸ್‌ನಲ್ಲಿ ಅದು ಸತ್ತುಹೋಗೋಕೆ ಎರಡು ಮೈಕ್ರೋಸೆಕೆಂಡ್ ಲೆಕ್ಕದ ಕಾಲ ಬೇಕು. ಇದೇ ತರಹದ ಕ್ಯಾವಿಟಿ ಇರುವ ಯುರೋಪಿಯನ್ ಎಕ್ಸ್‌ಎಫ್‌ಇಎಲ್ ಯಂತ್ರದಲ್ಲಿ ಬಂಚ್‌ಗಳು ಸೆಕೆಂಡಿಗೆ 45 ಲಕ್ಷದ ವೇಗದಲ್ಲಿ ಬರಬಹುದು, ಅಂದ್ರೆ 0.22 ಮೈಕ್ರೋಸೆಕೆಂಡಿಗೆ ಒಂದು. ಮುಂಚಿನದ್ದರ ಸದ್ದು ಅಡಗುವ ಮುಂಚೆ ಹತ್ತು ಬಂಚ್ ಬಂದು ಹೋಗಿರುತ್ತವೆ. ಹಳೆಯದನ್ನು ಲೆಕ್ಕದಲ್ಲಿ ಕಳೆಯುತ್ತಾ ಹೋಗಬೇಕು.

ಇಷ್ಟು ಕಿರಿಕಿರಿ ಇದ್ದರೂ ಬಿಡೋದಿಲ್ಲ ಯಾಕೆ ಅಂದ್ರೆ, ಎಂಟು ಕ್ಯಾವಿಟಿ ಸೇರಿಸಿ 12 ಮೀಟರ್ ಉದ್ದದ ಒಂದು ಡ್ರಮ್ ಒಳಗೆ ಮುಚ್ಚಿ ತಣ್ಣಗೆ ಮಾಡಿದ ಮೇಲೆ, ಅವು ಸಾಲಾಗಿ ನಿಂತಿವೆಯಾ ಅಂತ ಒಳಗೆ ಹೋಗಿ ನೋಡೋಕೆ ಆಗಲ್ಲ. ತಣ್ಣಗಾಗುವಾಗ ಲೋಹ ಕುಗ್ಗುತ್ತದೆ, ಎಲ್ಲವೂ ಅಲ್ಲಾಡುತ್ತದೆ. ಆಗ ಬೀಮನ್ನೇ ಕೇಳಬೇಕು. ಫ್ಲ್ಯಾಶ್‌ನಲ್ಲಿ ಹೀಗೆ ನೋಡಿದಾಗ ಕ್ಯಾವಿಟಿಗಳು ಒಂದಕ್ಕೊಂದು ಕಾಲು ಮಿಲಿಮೀಟರ್ ಆಸುಪಾಸು ಆಚೀಚೆ ಇರೋದು ಕಂಡಿತು. ಯುರೋಪಿನ ಸರ್ನ್ ಲ್ಯಾಬ್‌ನಲ್ಲಿ ಪ್ರಸ್ತಾಪವಾಗಿರುವ ಕ್ಲಿಕ್ ಆಕ್ಸಲರೇಟರ್‌ನ ವಿನ್ಯಾಸದಲ್ಲಂತೂ 12 ಗಿಗಾಹರ್ಟ್ಸ್ ತಾಮ್ರದ ಕ್ಯಾವಿಟಿ, ಬೀಮ್ ಹೋಗುವ ಕಿಂಡಿಯ ತ್ರಿಜ್ಯ ಸುಮಾರು ಮೂರು ಮಿಲಿಮೀಟರ್, ಅದರ ನಡುವನ್ನು 3.5 ಮೈಕ್ರಾನ್‌ಗೆ ಹಿಡಿಯಬೇಕು ಅಂತ ಗುರಿ. ಅಷ್ಟು ಕಿರಿದಾದ ಕಡೆ ಒಂದು ಚೂರು ಸರಿದರೂ ಬಂಚ್‌ನ ತಲೆ ಎಬ್ಬಿಸಿದ ಫೀಲ್ಡ್ ಅದರ ಬಾಲವನ್ನೇ ಒದೆಯುತ್ತದೆ. ಇದು ಹೊಸ ಕಾಯಿಲೆ ಏನಲ್ಲ, 1966ರಲ್ಲಿ ಸ್ಟ್ಯಾನ್‌ಫರ್ಡ್‌ನ 3 ಕಿಲೋಮೀಟರ್ ಲೀನಾಕ್ ಶುರು ಮಾಡಿದಾಗಲೇ ಇದರ ಅಣ್ಣನಂಥ ಬೀಮ್ ಬ್ರೇಕಪ್ ಕಾಟ ಕೊಟ್ಟಿತ್ತು, ಕರೆಂಟ್ ಜಾಸ್ತಿ ಮಾಡುತ್ತಿದ್ದ ಹಾಗೆ ಬೀಮ್ ಗೋಡೆಗೆ ಬಡಿಯುತ್ತಿತ್ತು.

*

ಹುಳಿಕೆರೆ_ಸುರಂಗ:

ಅಬ್ಬಾ, ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್, ಮೇಡಂ. ಬಸ್ಸಾರು ಅಣ್ಣ, ಸೆನ್ಸರ್ ಪ್ರಾಜೆಕ್ಟ್ ಮಾಡೋರು ಸಾಕಷ್ಟು ಜನ ಇದ್ದಾರೆ ಬಿಡಿ 🙂

ಈಗ ಟೇಬಲ್ ಮೇಲೆ ಮಾಡೋ ವಿಷಯ. ಕಾಲೇಜಿನಲ್ಲಿ 3 ಗಿಗಾಹರ್ಟ್ಸ್ ತನಕ ಹೋಗುವ ಒಂದು ಪುಟ್ಟ ವಿಎನ್ಎ (ವೆಕ್ಟರ್ ನೆಟ್‌ವರ್ಕ್ ಅನಲೈಸರ್, ಸಿಗ್ನಲ್‌ನ ಆಂಪ್ಲಿಟ್ಯೂಡ್, ಫೇಸ್ ಅಳೆಯುವ ಉಪಕರಣ) ಇದೆ. ಬೀಮ್ ಅಂತೂ ಇಲ್ಲ. ಒಂದು ದುಂಡು ಡಬ್ಬಿ ಮಾಡಿಸಿ ಅದರೊಳಗೆ ಬೀಮಿನ ಬದಲು ಒಂದು ತಂತಿ ಎಳೆದರೆ ಆಗುತ್ತಾ?

*

ಕುಕ್ಕರಹಳ್ಳಿ_ವಾಕರ್:

ತಂತಿ ಬೇಡ. ಈ ಕಡೆಯಿಂದ ಆ ಕಡೆಗೆ ತಂತಿ ಎಳೆದರೆ ಮಾನೋಪೋಲ್ ಮೋಡೇ ಕೆಟ್ಟುಹೋಗುತ್ತದೆ, ಡಬ್ಬಿ ಕೋಆಕ್ಸ್ ಕೇಬಲ್ ತರಹ ಆಗಿಬಿಡುತ್ತದೆ. ಅದರ ಬದಲು ಮುಚ್ಚಳದಿಂದ ಒಂದು ಗಿಡ್ಡ ಪಿನ್ ಇಳಿಬಿಡು, ಐದಾರು ಮಿಲಿಮೀಟರ್ ಸಾಕು. ಅದೇ ನಿನ್ನ ಬೀಮ್. ಪಿನ್ ನಿಂತ ಜಾಗದಲ್ಲಿ ಫೀಲ್ಡ್ ಎಷ್ಟಿದೆಯೋ ಅಷ್ಟೇ ಮೋಡ್ ಎಬ್ಬಿಸುತ್ತದೆ. ಪಕ್ಕದ ಗೋಡೆಯಲ್ಲಿ ಇನ್ನೊಂದು ಆಂಟೆನಾ ಕದಲದ ಹಾಗೆ ಇಟ್ಟು, ಇವೆರಡರ ಮಧ್ಯೆ ಎಸ್21, ಅಂದ್ರೆ ಒಂದರಿಂದ ಇನ್ನೊಂದಕ್ಕೆ ಎಷ್ಟು ಸಿಗ್ನಲ್ ದಾಟುತ್ತದೆ ಅನ್ನೋದು, ನೋಡು.

ಅಳತೆ ಹೇಳ್ತೀನಿ, ಬರೆದುಕೋ. ಒಳಗಿನ ತ್ರಿಜ್ಯ 80 ಮಿಲಿಮೀಟರ್, ಎತ್ತರ 50 ಮಿಲಿಮೀಟರ್. ಆಗ ಮಾನೋಪೋಲ್ 1.43 ಗಿಗಾಹರ್ಟ್ಸ್‌ನಲ್ಲಿ, ಡೈಪೋಲ್ 2.29ರಲ್ಲಿ ಬರುತ್ತದೆ. ಎತ್ತರ ಕಮ್ಮಿ ಇರೋದರಿಂದ ಉಳಿದವೆಲ್ಲ 3 ಗಿಗಾಹರ್ಟ್ಸ್ ಮೇಲೆ ಹೋಗುತ್ತವೆ, ನಿನ್ನ ಪರದೆ ಮೇಲೆ ಗೊಂದಲ ಇರಲ್ಲ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಯಾವುದಾದರೂ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂನಲ್ಲಿ ಮಾಡಿಸು. ತ್ರಿಜ್ಯ ಅರ್ಧ ಮಿಲಿಮೀಟರ್ ಆಚೀಚೆ ಆದರೆ ಫ್ರೀಕ್ವೆನ್ಸಿ 14 ಮೆಗಾಹರ್ಟ್ಸ್ ಸರಿಯುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ, ಪೀಕ್ ಎಲ್ಲಿದೆಯೋ ಅಲ್ಲೇ ಅಳೆ. ಮುಚ್ಚಳ ಮಾತ್ರ ಸುತ್ತಲೂ ಗಟ್ಟಿಯಾಗಿ ಕೂರಬೇಕು, ಸ್ಕ್ರೂ ಹತ್ತಿರ ಹತ್ತಿರ ಹಾಕಿಸು, ಸಂದಿ ಇದ್ದರೆ ತಾಮ್ರದ ಟೇಪ್ ಒತ್ತು. ಕ್ಯೂ ಸಾವಿರ ಬಂದರೆ ಆರಾಮಾಗಿ ಸಾಕು.

ಮುಚ್ಚಳದಲ್ಲಿ ನಡುವಿನಿಂದ ಎರಡೂ ಕಡೆಗೆ ಒಂದು ಸೀಳು ಕೊರೆಸು, ಒಟ್ಟು ಮೂರು ಸೆಂಟಿಮೀಟರ್ ಸಾಕು. ಪಕ್ಕದ ಆಂಟೆನಾ ಆ ಸೀಳಿನ ನೇರಕ್ಕೇ ಬರಬೇಕು. ನಿನಗೆ ಬೇಕಾದ ಮೋಡ್‌ನ ಕರೆಂಟ್ ಮುಚ್ಚಳದ ನಡುವೆ ಅದೇ ದಿಕ್ಕಿನಲ್ಲಿ ಹರಿಯುತ್ತದೆ, ಹಾಗಾಗಿ ಸೀಳು ಅದನ್ನು ತುಂಡು ಮಾಡಲ್ಲ. ಪಿನ್ ಇರುವ ಎಸ್‌ಎಂಎ ಕನೆಕ್ಟರನ್ನು ಒಂದು ತೆಳು ಪಟ್ಟಿಗೆ ಕೂರಿಸಿ ಸೀಳಿನ ಮೇಲೆ ಜಾರಿಸು, ವರ್ನಿಯರ್ ಇಟ್ಟು ಒಂದೊಂದು ಮಿಲಿಮೀಟರ್ ಸರಿಸುತ್ತಾ ಆಂಪ್ಲಿಟ್ಯೂಡ್, ಫೇಸ್ ಎರಡನ್ನೂ ಬರೆದುಕೋ. ನಡುವಿನಿಂದ 10 ಮಿಲಿಮೀಟರ್ ತನಕ ಗ್ರಾಫ್ ಹೆಚ್ಚುಕಮ್ಮಿ ನೇರ ಗೆರೆ, ಶೇಕಡಾ ಮೂರರಷ್ಟು ಮಾತ್ರ ಬಾಗುತ್ತದೆ. ನಡು ದಾಟಿದ ಕೂಡಲೇ ಫೇಸ್ 180 ಡಿಗ್ರಿ ಹಾರಬೇಕು. ಎಕ್ಸಾಮಿನರ್ ಎದುರಿಗೆ ಅದನ್ನೇ ತೋರಿಸು, ಸಿಮ್ಯುಲೇಷನ್ ಯಾರೂ ಕೇಳಲ್ಲ.

*

ಡೆಸಿಬಲ್_ದೇವ್ರು:

ಸರ್ ಹೇಳಿದ ಹಾಗೆ ಮಾಡು, ಚೆನ್ನಾಗಿದೆ. ಆದರೆ ನಡುವಿನಲ್ಲಿ ಆಂಪ್ಲಿಟ್ಯೂಡ್ ಪೂರ್ತಿ ಸೊನ್ನೆಗೆ ಇಳಿಯಲ್ಲ, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಫೇಸ್ ಕೂಡ ಪಟ್ ಅಂತ ಹಾರದೆ ನಿಧಾನವಾಗಿ ತಿರುಗುತ್ತದೆ. ಗಾಬರಿ ಆಗಬೇಡ. 1.43ರಲ್ಲಿ ಇರುವ ಮಾನೋಪೋಲ್‌ನ ಬಾಲ 2.29ರ ತನಕ ಚಾಚಿರುತ್ತದೆ. ಕ್ಯೂ ಸಾವಿರ ಇದ್ದರೆ ಆ ಬಾಲ ಅದರ ಪೀಕ್‌ಗಿಂತ ಸುಮಾರು 60 ಡೆಸಿಬಲ್ ಕೆಳಗಿರುತ್ತದೆ. ಆದರೆ ನಡುವಿನಲ್ಲಿ ಡೈಪೋಲ್ ಸಿಗ್ನಲ್ ಅದಕ್ಕಿಂತಲೂ ಸಣ್ಣದಾಗುತ್ತದಲ್ಲ, ಅದಕ್ಕೇ ಬಾಲ ಎದ್ದು ಕಾಣುತ್ತದೆ.

ಬಿಡಿಸುವ ದಾರಿ ಇದೆ. ಡೈಪೋಲ್ ತನ್ನ ರೆಸೊನೆನ್ಸ್‌ನಲ್ಲೇ ಇದೆ, ಮಾನೋಪೋಲ್ ತನ್ನದರಿಂದ ದೂರ ಇದೆ, ಹಾಗಾಗಿ ಎರಡರ ಮಧ್ಯೆ ಫೇಸ್ 90 ಡಿಗ್ರಿ. ಓದಿದ್ದನ್ನು ಡೆಸಿಬಲ್‌ನಲ್ಲಿ ಇಡಬೇಡ, ಐ ಮತ್ತು ಕ್ಯೂ ಅಂತ, ಒಂದಕ್ಕೊಂದು 90 ಡಿಗ್ರಿ ಫೇಸ್‌ನಲ್ಲಿರುವ ಎರಡು ಅಂಶವಾಗಿ ಪ್ಲಾಟ್ ಮಾಡು (ಈ ಕ್ಯೂ ಮೇಲಿನ ಕ್ವಾಲಿಟಿ ಫ್ಯಾಕ್ಟರ್ ಅಲ್ಲ). ಪಿನ್ ಸರಿಸಿದ ಹಾಗೆ ಬಿಂದುಗಳು ಒಂದು ನೇರ ಗೆರೆಯ ಮೇಲೆ ಸಾಲಾಗಿ ಕೂರುತ್ತವೆ, ಆ ಗೆರೆ ಮೂಲಬಿಂದುವಿನಿಂದ ಚೂರು ಪಕ್ಕಕ್ಕೆ ಹಾದುಹೋಗುತ್ತದೆ. ಆ ಚೂರು ಅಂತರವೇ ಬಾಲ. ಗೆರೆಯ ಉದ್ದಕ್ಕೂ ಅಳೆದರೆ ಬರೋದು ಜಾಗ. ದೊಡ್ಡ ಯಂತ್ರದಲ್ಲಿ ಬೀಮಿನ ಓರೆಯನ್ನು ಬೇರೆ ಮಾಡೋದೂ ಇದೇ ಲೆಕ್ಕದಲ್ಲಿ. ಜಪಾನಿನ ಕೆಇಕೆ ಲ್ಯಾಬ್‌ನಲ್ಲಿ ಅಳತೆಗೆ ಅಂತಲೇ ಮಾಡಿದ ಕ್ಯಾವಿಟಿಗಳಲ್ಲಿ ವೇವ್‌ಗೈಡ್ ಜೋಡಿಸಿ ಮಾನೋಪೋಲ್ ಹೊರಗೆ ಬರೋದನ್ನೇ ತಡೆಯುತ್ತಾರೆ, ಅಲ್ಲಿ ಹತ್ತಿಪ್ಪತ್ತು ನ್ಯಾನೋಮೀಟರ್ ತನಕ ಹೋಗಿದ್ದಾರೆ. ನಿನಗೆ ಅದು ಬೇಡ.

ಎರಡು ಪೀಕ್ ಅಂಟಿಕೊಂಡು ಒಂದೇ ತರಹ ಕಂಡರೆ, ಗೋಡೆಯಲ್ಲಿ ಆಂಟೆನಾದ ಎದುರು ಬದಿಗೆ ಒಂದು ಎಂ5 ಸ್ಕ್ರೂ ಹಾಕಿ ನಿಧಾನವಾಗಿ ಒಳಗೆ ತಿರುಗಿಸು, ಎರಡೂ ದೂರ ಸರಿದು ಬೇರೆಬೇರೆ ಆಗಿ ನಿಲ್ಲುತ್ತವೆ. ಸ್ಕ್ರೂಗೆ ಲಾಕ್‌ನಟ್ ಹಾಕು, ಇಲ್ಲದಿದ್ದರೆ ಅಳೆಯುವಾಗಲೇ ಸಡಿಲ ಆಗಿ ಫ್ರೀಕ್ವೆನ್ಸಿ ತೇಲುತ್ತದೆ. ಗ್ರಾಫ್ ಬಂದ ಮೇಲೆ ಇಲ್ಲೇ ಹಾಕು, ನೋಡೋಣ.